ಪೈಥಾನ್ ಎಲ್ಲಿದೆ? ಗಣಕವನ್ನೇ ಕೇಳೋಣ



ಕಾಸರಗೋಡಿನ ನಮ್ಮ ಪ್ರೌಢಶಾಲೆಗಳ ಮಕ್ಕಳು ಪೈಥಾನ್ ಎಂಬ ಗಣಕಭಾಷೆಯನ್ನು ಕಲಿಯುತ್ತಿದ್ದಾರೆ. ಗಿಡೊ ವಾನ್ ರಾಸಮ್ ರೂಪಿಸಿ 1991ರಲ್ಲಿ ಹೊರತಂದ ಈ ಭಾಷೆ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಶಾಲೆಯಲ್ಲಿ ಸರಾಗವಾಗಿ ನಡೆದ ಪಾಠ ಮನೆಯ ಗಣಕದಲ್ಲಿ ನಡೆಯುವುದಿಲ್ಲ ಎಂಬ ದೂರು ಹಲವು ಮನೆಗಳದ್ದು. ಮಗು 'ಪೈಥಾನ್' ಎಂದು ಬೆರಳಚ್ಚಿಸಿದರೆ, ಇಂತಹ ಆಜ್ಞೆ ಗುರುತಿಗೆ ಸಿಗುತ್ತಿಲ್ಲ ಎಂಬ ಇಂಗ್ಲಿಷ್ ಸಂದೇಶ ಪರದೆಯಲ್ಲಿ ಮೂಡುತ್ತದೆ. ಮಗು ಪೆಚ್ಚಾಗುತ್ತದೆ. 'ಕನ್ನಡ ಮಾಧ್ಯಮದವರಿಗೆ ಇದೆಲ್ಲ ಆಗದು' ಎಂಬ ಮಾತು ಮನೆಯಲ್ಲಿ ಹುಟ್ಟಿಕೊಳ್ಳುತ್ತದೆ. ವರ್ಷದ ಕೊನೆಗೆ ಅದೇ ಮಾತು ವರ್ಗಾವಣೆ ಪತ್ರದ ಅರ್ಜಿಯಾಗಿ ಶಾಲೆಗೆ ಬರಲೂಬಹುದು.

ಆದರೆ ಆ ಸಂದೇಶಕ್ಕೂ ಮಾಧ್ಯಮಕ್ಕೂ ಸಂಬಂಧವಿಲ್ಲ. ಪೈಥಾನ್ ಇಲ್ಲವೆಂದೂ ಅದರ ಅರ್ಥವಲ್ಲ; ಗಣಕ ತಾನು ಹುಡುಕಿದ ಜಾಗಗಳಲ್ಲಿ ಸಿಗಲಿಲ್ಲ ಎಂದಷ್ಟೇ ಹೇಳುತ್ತಿದೆ. ಎಲ್ಲೆಲ್ಲಿ ಹುಡುಕಬೇಕು ಎಂಬುದಕ್ಕೆ ಗಣಕದಲ್ಲಿ ಒಂದು ಪಟ್ಟಿಯಿರುತ್ತದೆ. ಅದರ ಹೆಸರು ಪಾತ್. ಪೈಥಾನ್‌ನ ವಿಳಾಸ ಆ ಪಟ್ಟಿಯಲ್ಲಿಲ್ಲದಿದ್ದರೆ, ಮನೆಯೊಳಗೇ ಇದ್ದರೂ ಅದು ಸಿಗದು.

ಶಾಲೆಯಲ್ಲಿ ಈ ತೊಡಕು ಏಕಿಲ್ಲ? ಕೇರಳದ ಶಾಲೆಗಳಲ್ಲಿ ಬಳಸುವುದು ಕೈಟ್ ಸಂಸ್ಥೆ ಸಿದ್ಧಪಡಿಸಿದ ಉಬುಂಟು ವ್ಯವಸ್ಥೆ. ಅಲ್ಲಿ ಪೈಥಾನ್ ಮೊದಲೇ ಯುಎಸ್ಆರ್ ಎಂಬ ಫೋಲ್ಡರಿನೊಳಗಿನ ಬಿನ್ ಫೋಲ್ಡರಿನಲ್ಲಿರುತ್ತದೆ. ಆ ಜಾಗ ಪಟ್ಟಿಯಲ್ಲೂ ಇರುತ್ತದೆ. ಮನೆಯಲ್ಲಿ ಹೆಚ್ಚಾಗಿ ವಿಂಡೋಸ್ ಇರುವುದರಿಂದ ಪೈಥಾನನ್ನು ನಾವೇ ತಂದು ಸ್ಥಾಪಿಸಬೇಕು. ಅದು ಸಾಮಾನ್ಯವಾಗಿ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ, ನಮ್ಮ ಬಳಕೆದಾರ ಹೆಸರಿನೊಳಗೆ, ಆಪ್‌ಡೇಟಾ ಎಂಬ ಫೋಲ್ಡರಿನಲ್ಲಿ ಹೋಗಿ ಕೂರುತ್ತದೆ. ಆಪ್‌ಡೇಟಾ ಕಣ್ಣಿಗೆ ಕಾಣದಂತೆ ಮರೆಮಾಡಿದ ಫೋಲ್ಡರು. ಮಕ್ಕಳು ಎಷ್ಟು ಹುಡುಕಿದರೂ ಸಿಗದಿರಲು ಇದೇ ಕಾರಣ.

ಆದ್ದರಿಂದ ಕಣ್ಣಿನಿಂದ ಹುಡುಕುವುದು ಬೇಡ, ಗಣಕವನ್ನೇ ಕೇಳೋಣ. ಸ್ಟಾರ್ಟ್ ಮೆನುವಿನಲ್ಲಿ 'ಐಡಲ್' ಎಂಬ ಹೆಸರನ್ನು ಹುಡುಕಿ ತೆರೆಯಿರಿ. ಪೈಥಾನ್ ಜೊತೆಯಲ್ಲೇ ಬರುವ ಈ ಕಿಟಕಿ ಪಾತ್ ಪಟ್ಟಿಯ ಹಂಗಿಲ್ಲದೆ ತೆರೆಯುತ್ತದೆ. ಮೊದಲ ಸಾಲಿನಲ್ಲಿ 'ಇಂಪೋರ್ಟ್ ಸಿಸ್' ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬರೆಯಬೇಕು. ಎರಡನೆಯ ಸಾಲಿನಲ್ಲಿ 'ಪ್ರಿಂಟ್' ಎಂದು ಬರೆದು, ಆವರಣದೊಳಗೆ 'ಸಿಸ್', ಒಂದು ಚುಕ್ಕಿ, 'ಪ್ರಿಫಿಕ್ಸ್' ಎಂದು ಬರೆಯಬೇಕು. ಸ್ಥಾಪನೆಯಾದ ಫೋಲ್ಡರಿನ ಪೂರ್ಣ ವಿಳಾಸ ಮರುಕ್ಷಣವೇ ಬರುತ್ತದೆ. ಉಬುಂಟುವಿನಲ್ಲಾದರೆ ಟರ್ಮಿನಲ್ ತೆರೆದು 'ವಿಚ್ ಪೈಥಾನ್3' ಎಂದು ಕೇಳಿದರಾಯಿತು.

ಆ ವಿಳಾಸವನ್ನು ಓದುವುದೂ ಕಷ್ಟವಲ್ಲ. ಅಂಚೆ ವಿಳಾಸದಲ್ಲಿ ನಾವು ಮನೆಯ ಹೆಸರಿನಿಂದ ಹೊರಟು ಅಂಚೆ, ತಾಲೂಕು, ಜಿಲ್ಲೆ ಎಂದು ಹೋಗುತ್ತೇವೆ. ಗಣಕ ಜಿಲ್ಲೆಯಿಂದ ಹೊರಟು ಮನೆಗೆ ಬರುತ್ತದೆ. ಇಷ್ಟು ಹೇಳಿಕೊಟ್ಟರೆ ಮಗು ತಾನೇ ಓದಿಕೊಳ್ಳುತ್ತದೆ.

ವಿಳಾಸ ಸಿಕ್ಕಿತೆಂದರೆ ಪೈಥಾನ್ ಇದೆ, ಪಟ್ಟಿಗೆ ಸೇರಿಲ್ಲ ಅಷ್ಟೆ. ಇನ್‌ಸ್ಟಾಲರನ್ನು ಮತ್ತೆ ತೆರೆದು, 'ಮಾಡಿಫೈ' ಆಯ್ದು, ಪಾತ್‌ಗೆ ಸೇರಿಸುವ ಚೌಕದಲ್ಲಿ ಗುರುತು ಹಾಕಿದರೆ ಆಯಿತು. ಹೊಸದಾಗಿ ಸ್ಥಾಪಿಸುವವರಿಗೆ ಆ ಚೌಕ ಮೊದಲ ಪರದೆಯ ಕೆಳಭಾಗದಲ್ಲೇ ಕಾಣುತ್ತದೆ. ಅದು ಸಾಮಾನ್ಯವಾಗಿ ಖಾಲಿ ಇರುತ್ತದೆ, ಗುರುತನ್ನು ನಾವೇ ಹಾಕಬೇಕು. ಒಂದು ಎಚ್ಚರಿಕೆ: ಉಬುಂಟುವಿನ ಪೈಥಾನನ್ನು ಅಳಿಸಲು ಹೋಗಬಾರದು, ಆ ವ್ಯವಸ್ಥೆಯ ಎಷ್ಟೋ ಕೆಲಸಗಳು ಅದನ್ನೇ ನಂಬಿವೆ.

ಇನ್ನೊಂದು ಸಂತಸದ ಸಂಗತಿ. 2008ರಲ್ಲಿ ಬಂದ ಪೈಥಾನ್ 3ರಿಂದೀಚೆಗೆ ಚರಾಕ್ಷರಗಳಿಗೆ 'ಅಂಕ', 'ಮೊತ್ತ' ಎಂದು ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಆಜ್ಞೆಯ ಪದಗಳು ಮಾತ್ರ ಇಂಗ್ಲಿಷಿನವು. ಅವು ಬೆರಳೆಣಿಕೆಯಷ್ಟಲ್ಲದಿದ್ದರೂ ನಲವತ್ತನ್ನು ದಾಟುವುದಿಲ್ಲ. ಅವುಗಳ ಹಿಂದಿನ ತರ್ಕವನ್ನು ಮಗು ಮನೆಮಾತಿನಲ್ಲಿಯೇ ಕಲಿಯಬಲ್ಲದು.

ಹೆತ್ತವರಿಗೆ ಪೈಥಾನ್ ಗೊತ್ತಿರಬೇಕೆಂದಿಲ್ಲ. ಈ ಭಾನುವಾರ ಮಗುವಿನ ಬಳಿ ಕುಳಿತು, 'ಅದು ಎಲ್ಲಿದೆ, ತೋರಿಸು' ಎಂದು ಕೇಳಿ. ಸಿಕ್ಕ ವಿಳಾಸವನ್ನು ನೋಟುಪುಸ್ತಕದಲ್ಲಿ ಬರೆಸಿ. ಆಗಲೂ ಸಿಗದಿದ್ದರೆ ಪರದೆಯ ಸಂದೇಶವನ್ನು ಹಾಗೆಯೇ ಬರೆದು ಶಾಲೆಗೆ ಕಳುಹಿಸಿ. ಶಾಲೆ ಬದಲಿಸುವ ಯೋಚನೆಗೆ ಮೊದಲು ಈ ಒಂದು ಪ್ರಶ್ನೆಯನ್ನು ಕೇಳಬೇಕೆಂಬುದೇ ನಮ್ಮ ವಿನಂತಿ.