ಹಬ್ಬ ಮಾಡುವುದೋ, ಹಬ್ಬ ಕೊಳ್ಳುವುದೋ?

ಕನ್ನಡದಲ್ಲಿ ಹಬ್ಬವನ್ನು ‘ಮಾಡುತ್ತಾರೆ’. ‘ಯುಗಾದಿ ಮಾಡಿದಿರಾ?’ ಎಂದು ನೆರೆಯವರನ್ನು ಕೇಳುವುದು ವಾಡಿಕೆ, ‘ಯುಗಾದಿ ಕೊಂಡಿರಾ?’ ಎಂದು ಯಾರೂ ಕೇಳುವುದಿಲ್ಲ. ಅಂಗಳ ಸಾರಿಸುವುದು, ಸೊಪ್ಪು ತರುವುದು, ತೋರಣ ಕಟ್ಟುವುದು, ಬೇವು ಬೆಲ್ಲ ಕೂಡಿಸುವುದು ಇವೆಲ್ಲ ಸೇರಿಯೇ ಹಬ್ಬವಾಗುತ್ತಿತ್ತು. ಇಂದು ಫಾಲ್ಗುಣ ಮುಗಿದು ಚೈತ್ರ ಕಾಲಿಡುವ ಹೊತ್ತಿಗೆ ಮಲೆನಾಡಿನ ಪೇಟೆಗಳ ಅಂಗಡಿ ಸಾಲಿನಲ್ಲಿ ಕಾಣುವುದು ಬೇರೆಯೇ ನೋಟ. ಎಂದೂ ಬಾಡದ ಮಾವಿನೆಲೆಯ ಸರ, ಎಂದೂ ಉದುರದ ಚೆಂಡುಹೂವಿನ ಮಾಲೆ, ನೆಲಕ್ಕೆ ಅಂಟಿಸುವ ರಂಗೋಲಿ, ಪೊಟ್ಟಣ ಕಟ್ಟಿದ ಹೋಳಿಯ ಬಣ್ಣ. ಹಿತ್ತಿಲಿನಲ್ಲಿ ಮಾವಿನ ಮರವಿರುವ ಮನೆಯ ಬಾಗಿಲಲ್ಲೇ ಪ್ಲಾಸ್ಟಿಕ್ಕಿನ ಮಾವಿನೆಲೆ ತೂಗುತ್ತಿದೆ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇಕೆ?

ಇದು ಅವರವರ ಅಭಿರುಚಿಯ ಮಾತು, ಪರಿಸರ ಚಳವಳಿಗೆ ಇದಕ್ಕಿಂತ ದೊಡ್ಡ ಕೆಲಸಗಳಿವೆ ಎನ್ನುವವರಿದ್ದಾರೆ. ಅಣೆಕಟ್ಟು, ಗಣಿ, ಹೆದ್ದಾರಿಗಳ ಮುಂದೆ ಒಂದು ತೋರಣ ಯಾವ ಲೆಕ್ಕ ಎಂಬುದು ಅವರ ವಾದ. ಮೇಲ್ನೋಟಕ್ಕೆ ಸರಿಯೆನಿಸುವ ಈ ವಾದ ಬುಡದಲ್ಲಿ ಪೊಳ್ಳು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು, ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಅವರ ಪಾಲಿಗೆ ಆ ಮರಗಳು ಹೆಸರಿಲ್ಲದ ಹಸಿರಾಗಿರಲಿಲ್ಲ. ತೋಟದ ಸೊಪ್ಪು, ಹಳ್ಳದ ನೀರು, ಮನೆಯ ಔಷಧಿ ಎಲ್ಲದಕ್ಕೂ ಆ ಕಾಡಿನೊಡನೆ ದಿನದ ವ್ಯವಹಾರವಿತ್ತು. ಮನೆಯ ಹಬ್ಬಕ್ಕೆ ಬೇಡವಾದ ಮರ ಕ್ರಮೇಣ ಊರಿಗೂ ಬೇಡವಾಗುತ್ತದೆ. ಊರಿಗೆ ಬೇಡವಾದ ಮರ ಉರುಳಿದರೆ ಕೇಳುವವರಿರುವುದಿಲ್ಲ. ತೋರಣದ ಪ್ರಶ್ನೆ ಇರುವುದು ಇಲ್ಲಿ.

ಬಾಡದ ಎಲೆಯ ಲೆಕ್ಕ

ಮಾವಿನೆಲೆಯ ತೋರಣ ಎರಡು ಮೂರು ದಿನಕ್ಕೆ ಒಣಗುತ್ತದೆ. ಅದನ್ನು ಬಿಚ್ಚಿ ಗೊಬ್ಬರಗುಂಡಿಗೆ ಎಸೆದರೆ ಕೆಲಸ ಮುಗಿಯಿತು. ಪ್ಲಾಸ್ಟಿಕ್ಕಿನ ತೋರಣ ಹಾಗಲ್ಲ. ಒಂದೆರಡು ಬಿಸಿಲು ಮಳೆ ಕಂಡು ಬಣ್ಣಗೆಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಮಲೆನಾಡಿನ ಒಂಟಿ ಮನೆಗಳ ಬಾಗಿಲಿಗೆ ಕಸದ ಗಾಡಿ ಬರುವುದು ಅಪರೂಪ. ಆದ್ದರಿಂದ ಅದು ಹಳ್ಳಕ್ಕೆ ಬೀಳುತ್ತದೆ, ಇಲ್ಲವೇ ಬಚ್ಚಲ ಒಲೆಗೆ ಸೇರುತ್ತದೆ. ಪಿವಿಸಿ ಎಂಬ ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇದೆ. ಅದು ಒಲೆಯ ಮಂದ ಉರಿಯಲ್ಲಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲವೂ ಡಯಾಕ್ಸಿನ್ ಎಂಬ ಘೋರ ವಿಷವೂ ಹುಟ್ಟುತ್ತವೆ. ಸ್ನಾನದ ನೀರು ಕಾಯಿಸುವವರ ಉಸಿರಿಗೆ ಆ ಹೊಗೆ, ತೋಟದ ಬುಡಕ್ಕೆ ಆ ಬೂದಿ. ಬಾಗಿಲಿಗೆ ಶುಭವೆಂದು ಕಟ್ಟಿದ್ದು ಹಿಂಬಾಗಿಲಿನಿಂದ ವಿಷವಾಗಿ ಮನೆಯೊಳಗೇ ಬರುತ್ತದೆ.

ಸರ್ಕಾರದ ನಿಷೇಧವಿದೆಯಲ್ಲ ಎಂದು ನೆಮ್ಮದಿಯಿಂದಿರುವಂತಿಲ್ಲ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ಫ್ಲೆಕ್ಸ್, ಬಂಟಿಂಗ್, ಬಾವುಟ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರದ ನಿಷೇಧವೂ ಜಾರಿಗೆ ಬಂದು, ಅಲಂಕಾರದ ಥರ್ಮೊಕೋಲ್ ಸಹ ಆ ಪಟ್ಟಿಗೆ ಸೇರಿತು. ಆದರೆ ಪ್ಲಾಸ್ಟಿಕ್ ಹೂವಿನ ಹೆಸರು ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಚೀಲವಾಗಿ ಬಂದರೆ ತಪ್ಪಾಗುವ ಪ್ಲಾಸ್ಟಿಕ್ಕು ಹೂವಾಗಿ ಬಂದರೆ ಸರಿಯಾಗುತ್ತದೆ! ಕಾನೂನು ಬಿಟ್ಟ ಈ ಕಿಂಡಿಯನ್ನು ಮುಚ್ಚಬಲ್ಲವರು ಮನೆಯವರೇ.

ಬಣ್ಣದ ಕಥೆಯೂ ಇದೇ. 2024ರ ಮಾರ್ಚ್‌ನಲ್ಲಿ ಬೊಂಬಾಯಿ ಮಿಠಾಯಿಯಲ್ಲಿ ರೋಡಮಿನ್-ಬಿ ಬಳಸಬಾರದೆಂದು ರಾಜ್ಯ ಸರ್ಕಾರ ಆಜ್ಞೆ ಹೊರಡಿಸಿದಾಗ ಜನ ಬೆಚ್ಚಿಬಿದ್ದರು. ಬಟ್ಟೆಗೆ ಹಾಕಬೇಕಾದ ಆ ಬಣ್ಣ ಅಗ್ಗದ ಹೋಳಿ ಪುಡಿಗಳಲ್ಲೂ ಪತ್ತೆಯಾದದ್ದುಂಟು. ಮಗುವಿನ ಬಾಯಿಗೆ ಬೇಡವೆಂದದ್ದನ್ನು ಅದೇ ಮಗುವಿನ ಮುಖಕ್ಕೆ ಬಳಿಯಬಹುದೆ?

ಮನೆಯಲ್ಲೇ ಆಗುವ ಕೆಲಸ

ಹಾಗಾದರೆ ಮಾಡಬೇಕಾದದ್ದು ಏನು? ಅದಕ್ಕೆ ತರಬೇತಿ ಬೇಡ, ದುಡ್ಡೂ ಬೇಡ. ಒಂದು ಬಾಗಿಲಿಗೆ 21 ಮಾವಿನೆಲೆ ಧಾರಾಳ. ತೀರಾ ಎಳೆಯದೂ ಅಲ್ಲದ, ಮುದಿಯೂ ಅಲ್ಲದ ಎಲೆಗಳನ್ನು ಆರಿಸಬೇಕು. ಬಾಳೆಯ ನಾರನ್ನು ನೀರಿನಲ್ಲಿ ನೆನೆಸಿ ಹುರಿ ಮಾಡಿ, ಎಲೆಯ ತೊಟ್ಟನ್ನು ಹುರಿಯ ಮೇಲೆ ಮಡಚಿ ತೆಂಗಿನ ಗರಿಯ ಕಡ್ಡಿ ಚುಚ್ಚಿದರೆ ತೋರಣ ಸಿದ್ಧ. ಎಲೆಗಳ ನಡುವೆ ಸುರಗಿಯ ಹೂವನ್ನು ಪೋಣಿಸಿದರೆ ಇನ್ನೂ ಚೆಂದ. ಒಣಗಿದ ಮೇಲೂ ಪರಿಮಳ ಬಿಡದ ಹೂವದು.

ಓಕುಳಿಗೆ ಮುತ್ತುಗವಿದೆ. ಮಲೆನಾಡು ಬಯಲಿಗೆ ತಾಗುವ ಅಂಚಿನಲ್ಲಿ ಹೋಳಿಯ ಹೊತ್ತಿಗೆ ಎಲೆಯಿಲ್ಲದೆ ಕೆಂಪಗೆ ಉರಿಯುವ ಮರ. ಉದುರಿದ ಹೂವನ್ನು ಆರಿಸಿ ನೆರಳಿನಲ್ಲಿ ಒಣಗಿಸಬೇಕು. ಒಂದು ಬೊಗಸೆ ಹೂವನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಕುದಿಸಿ ಸೋಸಿದರೆ ಕೇಸರಿ ಬೆರೆತ ಹಳದಿ ನೀರು ದೊರೆಯುತ್ತದೆ. ಇನ್ನೊಂದು ಪಾತ್ರೆಯಲ್ಲಿ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ. ಅದಕ್ಕೇ ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಅರಿಸಿನದ ಕರ್ಕ್ಯುಮಿನ್ ಕ್ಷಾರಕ್ಕೆ ಕೆಂಪಾಗುವುದನ್ನೂ ಆಮ್ಲಕ್ಕೆ ಹಳದಿಯಾಗುವುದನ್ನೂ ವಿದ್ಯಾರ್ಥಿಗಳು ಪ್ರಯೋಗಶಾಲೆಯ ಹಂಗಿಲ್ಲದೆ ಅಡುಗೆಮನೆಯಲ್ಲೇ ಕಾಣಬಹುದು. ಸುಣ್ಣದ ನೀರು ಕಣ್ಣಿಗೆ ಬೀಳಬಾರದು. ಎರಚಾಟಕ್ಕೆ ಮುತ್ತುಗದ ನೀರೇ ಇರಲಿ.

ಮಕ್ಕಳಿಗೆ ತೆಂಗಿನ ಗರಿಯೊಂದು ಸಿಕ್ಕರೆ ಪೀಪಿ, ಗಿರಗಿಟ್ಟೆ, ಗಿಳಿ, ಹಾವು ಎಲ್ಲವೂ ಹುಟ್ಟುತ್ತವೆ. ಬಿದ್ದ ಅಡಿಕೆ ಹಾಳೆ ಟೊಪ್ಪಿಯಾಗುತ್ತದೆ, ತಟ್ಟೆಯಾಗುತ್ತದೆ, ಎಳೆದಾಡುವ ಬಂಡಿಯೂ ಆಗುತ್ತದೆ. ಇವನ್ನು ಕಲಿಸಬಲ್ಲ ಅಜ್ಜ ಅಜ್ಜಿಯರು ಇನ್ನೂ ಹಲವು ಮನೆಗಳಲ್ಲಿದ್ದಾರೆ. ಅವರನ್ನು ಕೇಳುವವರಿಲ್ಲ, ಅಷ್ಟೆ.

ಎತ್ತಬಹುದಾದ ಆಕ್ಷೇಪಗಳು

ಎಲೆ ಕಿತ್ತರೆ ಮರಕ್ಕೆ ಹಾನಿಯಲ್ಲವೆ ಎಂಬ ಪ್ರಶ್ನೆ ನ್ಯಾಯವಾದದ್ದು. ಅಪ್ಪೆಮಿಡಿಗಾಗಿ ಕೊಂಬೆಗಳನ್ನೇ ಕಡಿದು ಕೆಡವಿದ್ದರಿಂದ ಹಳ್ಳದ ದಂಡೆಯ ಎಷ್ಟೋ ಮಾವಿನ ಮರಗಳು ಹಾಳಾದದ್ದನ್ನು ಮಲೆನಾಡು ಕಂಡಿದೆ. ಆದರೆ ಅದು ಪೇಟೆಯ ಹಸಿವಿಗಾಗಿ ನಡೆದ ಕೊಯ್ಲು. ತನ್ನ ಬಾಗಿಲಿಗೆ 21 ಎಲೆ ಕೀಳುವವನಿಗೆ ಮುಂದಿನ ವರ್ಷವೂ ಅದೇ ಮರ ಬೇಕು. ಕಡಿದು ಲಾರಿ ತುಂಬುವವನಿಗೆ ಅದು ಬೇಕಿಲ್ಲ. ಹಾಗಾಗಿ ಊರಿನ ಕಾಡನ್ನು ಬೋಳಿಸಿ ನಗರಕ್ಕೆ ಸೊಪ್ಪು ಸಾಗಿಸುವುದು ಪ್ಲಾಸ್ಟಿಕ್ಕಿಗೆ ಉತ್ತರವಲ್ಲ. ಉದುರಿದ ಹೂವು, ಬಿದ್ದ ಹಾಳೆ, ಕೈಗೆ ಎಟಕುವ ಎಲೆ ಇಷ್ಟೇ ಹಬ್ಬದ ಹಕ್ಕು.

ಪುರುಸೊತ್ತಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಏಕೆಂದರೆ ಹಬ್ಬದ ಕೆಲಸವೆಲ್ಲ ಬೀಳುವುದು ಹೆಂಗಸರ ತಲೆಯ ಮೇಲೆ. ನಸುಕಿನಲ್ಲಿ ಎದ್ದು ಒಬ್ಬಟ್ಟಿನ ಹೂರಣ ರುಬ್ಬುವ ಕೈ ತೋರಣವನ್ನೂ ಕಟ್ಟಬೇಕೆಂದರೆ ಅಂಗಡಿಯ ಸರವೇ ಆಕೆಗೆ ಬಿಡುಗಡೆಯಾಗಿ ಕಂಡರೆ ತಪ್ಪೇನು? ಆದುದರಿಂದ ಈ ಕೆಲಸ ಗಂಡಸರದೂ ಮಕ್ಕಳದೂ ಆಗಬೇಕು. ಜಗಲಿಯ ಮೇಲೆ ಪತ್ರಿಕೆ ಹಿಡಿದು ಸಂಸ್ಕೃತಿಯ ಅವನತಿಗೆ ಮರುಗುವ ಯಜಮಾನರು ಅರ್ಧ ಗಂಟೆ ನಾರು ಹೊಸೆದರೆ ಸಂಸ್ಕೃತಿಗೆ ಹೆಚ್ಚು ಉಪಕಾರವಾದೀತು.

ಇತ್ತೀಚೆಗೆ ‘ಪರಿಸರಸ್ನೇಹಿ’ ಎಂಬ ಮುದ್ರೆ ಹೊತ್ತ ಹಬ್ಬದ ಪೆಟ್ಟಿಗೆಗಳೂ ಮಾರುಕಟ್ಟೆಗೆ ಬಂದಿವೆ. ರಟ್ಟಿನ ಪೆಟ್ಟಿಗೆಯೊಳಗೆ ನಾಲ್ಕು ಒಣ ಎಲೆ, ಒಂದು ಉಂಡೆ ದಾರ, ಮೇಲೆ ದುಬಾರಿ ಬೆಲೆ. ಪ್ಲಾಸ್ಟಿಕ್ ಇಲ್ಲವೆಂಬುದು ನಿಜ. ಮರದೊಡನೆ ನಂಟೂ ಇಲ್ಲ. ಕೊಂಡು ತಂದ ಎಲೆಗೂ ಹಿತ್ತಿಲಿನ ಎಲೆಗೂ ಇರುವ ಅಂತರ ಇದೇ.

ಶಾಲೆಯ ಪಾಲು

ಮಕ್ಕಳ ಕೈಯಿಂದ ಈ ವಿದ್ಯೆ ಜಾರಿದ್ದರಲ್ಲಿ ಶಾಲೆಗಳ ಪಾಲೂ ಇದೆ. ಕರಕುಶಲವೆಂದರೆ ಥರ್ಮೊಕೋಲಿನ ಹಲಗೆ, ಅಂಟು, ಚಮಕಿ ಎಂದಾಗಿದೆ. ಅಂಗಡಿಯಲ್ಲಿ ಕೊಂಡದ್ದನ್ನು ಅಂಟಿಸಿ ತಂದರೆ ಅಂಕ. ಆ ಚಮಕಿಯೂ ಪ್ಲಾಸ್ಟಿಕ್ಕಿನ ಚೂರೇ. ತೊಳೆದಾಗ ನೀರಿಗಿಳಿಯುತ್ತದೆ, ಕರಗುವುದಿಲ್ಲ. ಯುರೋಪಿಯನ್ ಒಕ್ಕೂಟ 2023ರ ಅಕ್ಟೋಬರಿನಲ್ಲೇ ಬಿಡಿ ಪ್ಲಾಸ್ಟಿಕ್ ಚಮಕಿಯ ಮಾರಾಟವನ್ನು ನಿಷೇಧಿಸಿತು.

ಥರ್ಮೊಕೋಲಿಗೆ ಮೊದಲು ಈ ಸೀಮೆಯಲ್ಲಿ ಬೆಂಡು ಇತ್ತು. ಕೆರೆಯಂಚಿನ ಜವುಗಿನಲ್ಲಿ ಬೆಳೆಯುವ ಗಿಡದ ತಿರುಳದು, ಹಗುರ, ಬಿಳುಪು. ಸಾಗರ, ಸೊರಬ, ಶಿರಸಿ ಕಡೆಯ ಗುಡಿಗಾರರ ಕೈಯಲ್ಲಿ ಅದು ಬಾಸಿಂಗವಾಗಿ, ಹೂವಾಗಿ ಅರಳುತ್ತಿತ್ತು. ಬೆಂಡು ಬೇಕಾದರೆ ಕೆರೆ ಬೇಕು. ಥರ್ಮೊಕೋಲಿಗೆ ಕೆರೆ ಬೇಡ. ಕೆರೆಗಳು ಹೂಳು ತುಂಬಿ, ಒತ್ತುವರಿಯಾಗಿ ಹೋದಾಗ ಬೆಂಡಿನ ನೆನಪೂ ಹೋಯಿತು; ನೆನಪು ಹೋದ ಮೇಲೆ ಕೆರೆ ಹೋದದ್ದಕ್ಕೆ ಅಳುವವರೂ ಕಡಿಮೆಯಾದರು. ಈ ಸರಪಳಿಯನ್ನು ಮಕ್ಕಳಿಗೆ ತಿಳಿಸದ ಪರಿಸರ ಪಾಠ ಎಂಥ ಪಾಠ?

ಶಾಲೆಗಳು ಬೇಸಿಗೆ ರಜೆಗೆ ಮುನ್ನ ಒಂದು ದಿನವನ್ನು ಇದಕ್ಕೆ ಮೀಸಲಿಡಲಿ. ಊರಿನ ಹಿರಿಯರನ್ನು ಕರೆಸಿ ಗರಿ ಹೆಣೆಯುವುದನ್ನೂ ನಾರು ಹೊಸೆಯುವುದನ್ನೂ ಹೇಳಿಕೊಡಲಿ. ಮಹಿಳಾ ಸಂಘಗಳು, ಯುವಕ ಮಂಡಲಗಳು ದೇವಸ್ಥಾನದ ತೇರಿಗೂ ಚಪ್ಪರಕ್ಕೂ ಪ್ಲಾಸ್ಟಿಕ್ ಹೂವು ತೂಗಿಸುವುದಿಲ್ಲವೆಂದು ನಿರ್ಣಯಿಸಲಿ. ಮುತ್ತುಗದ ಒಂದು ಸಸಿ, ಸುರಗಿಯ ಒಂದು ಸಸಿ ಪ್ರತಿ ಶಾಲೆಯ ಅಂಗಳದಲ್ಲಿರಲಿ. ಮುಂದಿನ ಯುಗಾದಿಯಂದು ಬಾಗಿಲಿಗೆ ಕಟ್ಟಿದ ಎಲೆ ಯಾವ ಮರದ್ದೆಂದು ಮನೆಯ ಮಗುವೊಂದು ಬೆರಳು ಮಾಡಿ ತೋರಿಸಬಲ್ಲದಾದರೆ, ಆ ಮರಕ್ಕೆ ಒಬ್ಬ ಕಾವಲುಗಾರ ಹುಟ್ಟಿದಂತೆ.