ಅನಿರೀಕ್ಷಿತ ಅಂತ್ಯದ ಔಚಿತ್ಯ

ಚಲನಚಿತ್ರದ ಅಂತ್ಯವನ್ನು ಪ್ರೇಕ್ಷಕನು ಮೊದಲೇ ಊಹಿಸಿದರೆ ಕಥೆ ಸೋತಿತೆಂಬ ಅಭಿಪ್ರಾಯ ರೂಢಿಯಲ್ಲಿದೆ. ಇದನ್ನು ಒಪ್ಪುವುದಾದರೆ ಪ್ರಾಚೀನ ಕಾವ್ಯಗಳನ್ನೂ ಸೋತ ಕೃತಿಗಳೆನ್ನಬೇಕಾಗುತ್ತದೆ. ಪಂಪನ ‘ಆದಿಪುರಾಣ’ವನ್ನು (ಕ್ರಿ.ಶ. 941) ಆಲಿಸಿದ ಶ್ರಾವಕರಿಗೆ ಬಾಹುಬಲಿಯ ಕಥೆ ಹೊಸದೇನೂ ಆಗಿರಲಿಲ್ಲ. ಆದರೂ ಅದರ ಅಂತ್ಯ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಗೆದ್ದವನು ರಾಜ್ಯವನ್ನು ಪಡೆಯುವುದು ಯುದ್ಧಕಥೆಯ ಧರ್ಮ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದ ಬಾಹುಬಲಿ ಆ ಗಳಿಗೆಯಲ್ಲಿಯೇ ರಾಜ್ಯವನ್ನು ತೊರೆಯುತ್ತಾನೆ. ಸೋತ ಅಣ್ಣ ತಮ್ಮನ ಮೇಲೆಯೇ ಚಕ್ರರತ್ನವನ್ನು ಪ್ರಯೋಗಿಸಿದಾಗ ರಾಜ್ಯಮೋಹದ ನಿಜರೂಪ ಅವನಿಗೆ ಗೋಚರಿಸುತ್ತದೆ. ಯುದ್ಧದ ಒಡಲಿನಿಂದಲೇ ವೈರಾಗ್ಯ ಮೂಡುತ್ತದೆ.

ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ಶರಪಂಜರ’ (1971) ಚಿತ್ರದ ಬಲವೂ ಇಂಥದೇ. ಮನೋರೋಗದಿಂದ ಗುಣಮುಖಳಾಗಿ ಮನೆಗೆ ಮರಳಿದ ಕಾವೇರಿಗೆ ಸಂಸಾರಸುಖ ಮತ್ತೆ ದಕ್ಕುವುದೆಂದು ಪ್ರೇಕ್ಷಕ ನಿರೀಕ್ಷಿಸುತ್ತಾನೆ. ಜನರ ಸಂಶಯದ ನೋಟ, ಗಂಡನ ತಾತ್ಸಾರ, ಅವನ ಪರಸ್ತ್ರೀ ಸಂಬಂಧಗಳು ಅವಳನ್ನು ಪುನಃ ಅದೇ ರೋಗಕ್ಕೆ ದೂಡುತ್ತವೆ. ರೋಗ ಯಾರದು ಎಂಬ ಪ್ರಶ್ನೆ ಆಗ ಮನೆಯವರತ್ತ ತಿರುಗುತ್ತದೆ. ಎರಡನೆಯ ಸಲ ನೋಡುವವನಿಗೆ ಪ್ರತಿಯೊಂದು ದೃಶ್ಯವೂ ಆ ಅಂತ್ಯದತ್ತಲೇ ಸಾಗಿದ್ದುದು ಕಾಣುತ್ತದೆ.

ಸಂಗತಿಯನ್ನು ಮುಚ್ಚಿಟ್ಟು ಕೊನೆಗೆ ತೆರೆದು ತೋರುವ ಚಿತ್ರದ ಆಕರ್ಷಣೆ ಒಂದು ವೀಕ್ಷಣೆಗೇ ತೀರಿಹೋಗುತ್ತದೆ. ತಿಳಿದ ಮೇಲೂ ಕಾಡುವ ಅಂತ್ಯ ಮಾತ್ರ ಕಥೆಯಿಂದ ಹುಟ್ಟಿದುದು. ಕೊನೆಯನ್ನು ಹೇಳಬಾರದೆಂಬ ಶಿಷ್ಟಾಚಾರಕ್ಕೆ ಕಟ್ಟುಬಿದ್ದ ಇಂದಿನ ಚಿತ್ರವಿಮರ್ಶೆ ಈ ಪರೀಕ್ಷೆಯನ್ನೇ ಕೈಬಿಟ್ಟಿದೆ. ಅಂತ್ಯದ ಔಚಿತ್ಯವನ್ನು ಚರ್ಚಿಸದ ವಿಮರ್ಶೆ ಅರ್ಧ ಓದಿದ ಕಾವ್ಯಕ್ಕೆ ಬರೆದ ವ್ಯಾಖ್ಯಾನದಂತೆ.