ತಲಾಂತು ಮತ್ತು ಟೆಸ್ಟರ್

ಕಳೆದ ವಾರ ಹತ್ತನೇ ತರಗತಿಯ ಹುಡುಗನೊಬ್ಬನ ತಂದೆ ನನ್ನನ್ನು ಹುಡುಕಿಕೊಂಡು ಬಂದರು. ತೀರ್ಥಹಳ್ಳಿ ಕಡೆಯವರು. ಅಜ್ಜನ ಕಾಲದಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಬಂದು, ಅಡಿಕೆ ತೋಟಗಳಲ್ಲಿ ದುಡಿದು ನೆಲೆನಿಂತ ಕೊಂಕಣಿ ಮಾತಿನ ಕ್ರೈಸ್ತ ಕುಟುಂಬ. "ಮೇಷ್ಟ್ರೇ, ಇವನು ಐಟಿಐ ಅಂತ ಹಟ ಹಿಡಿದಿದ್ದಾನೆ. ಪಿಯುಸಿ ಸೈನ್ಸೇ ತಗೋ ಅಂತ ನೀವೊಂದು ಮಾತು ಹೇಳಿ" ಎಂದರು. ಹುಡುಗ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ನನ್ನ ವಿಜ್ಞಾನದ ಪೇಪರಿನಲ್ಲೇ ಅವನಿಗೆ ಬಂದದ್ದು 41.

ಈ ತಂದೆ ಭಾನುವಾರ ಚರ್ಚಿನಲ್ಲಿ ವಾಚನ ಓದುವವರು. ಬೈಬಲಿನ ಕತೆಯನ್ನೇ ಎತ್ತಿದರು. ಯಜಮಾನನೊಬ್ಬ ಪರದೇಶಕ್ಕೆ ಹೋಗುವಾಗ ಆಳುಗಳಿಗೆ ಐದು, ಎರಡು, ಒಂದು ತಲಾಂತು ಬೆಳ್ಳಿ ಕೊಟ್ಟು ಹೋದ. ಇಬ್ಬರು ದುಡಿಸಿ ಇಮ್ಮಡಿ ಮಾಡಿದರು. ಒಂದು ಪಡೆದವನು ನೆಲದಲ್ಲಿ ಹೂತಿಟ್ಟ. "ಇವನೂ ಹೂತಿಡಲು ಹೊರಟಿದ್ದಾನೆ" ಎಂದರು. ತಲಾಂತು ಎಂದರೆ ಮೊದಲಿಗೆ ಒಂದು ತೂಕ. ಇಂಗ್ಲಿಷಿನ ಟ್ಯಾಲೆಂಟ್ ಎಂಬ ಪದಕ್ಕೆ ಪ್ರತಿಭೆ ಎಂಬ ಅರ್ಥ ಬಂದದ್ದು ಈ ಕತೆಯಿಂದಲೇ.

ನನಗೆ ಹಿಂದಿನ ಕ್ರಿಸ್ಮಸ್ ನೆನಪಾಯಿತು. ಅವರ ಚರ್ಚಿಗೆ ನನ್ನನ್ನೂ ಕರೆದಿದ್ದರು. ಇನ್ನೇನು ಪೂಜೆ ಶುರುವಾಗಬೇಕು, ಗೋದಲಿಯ ಮೇಲಿನ ನಕ್ಷತ್ರ ಆರಿಹೋಯಿತು. ಒಂದೇ ಸರಣಿಯಲ್ಲಿ ಜೋಡಿಸಿದ ನಲವತ್ತು ಪುಟ್ಟ ಬಲ್ಬುಗಳ ಮಾಲೆ. ಒಂದು ಸುಟ್ಟರೆ ಎಲ್ಲವೂ ಕತ್ತಲು. ದೊಡ್ಡವರು ಒಂದೊಂದೇ ಬಲ್ಬು ಬದಲಿಸತೊಡಗಿದರು. ಈ ಹುಡುಗ ಟೆಸ್ಟರ್ ಹಿಡಿದು ನೇರವಾಗಿ ಮಾಲೆಯ ನಡುವಿಗೆ ಹೋದ. ಅಲ್ಲಿ ಟೆಸ್ಟರ್ ಉರಿಯಿತು. ಅಂದರೆ ಅಲ್ಲಿಯವರೆಗೆ ತಂತಿ ಸರಿ, ದೋಷ ಉಳಿದರ್ಧದಲ್ಲಿ. ಆ ಅರ್ಧದ ನಡುವೆ ಮತ್ತೆ ನೋಡಿದ. ಹೀಗೆ ಐದಾರು ಸಲಕ್ಕೆ ಸುಟ್ಟ ಬಲ್ಬು ಸಿಕ್ಕಿತು. (ಮಕ್ಕಳೇ, ದೊಡ್ಡವರು ಜೊತೆಗಿಲ್ಲದೆ ಕರೆಂಟಿನ ಹತ್ತಿರ ಹೋಗಬೇಡಿ.) ಸರಣಿ ಜೋಡಣೆಯನ್ನು ನಾನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ, ಈ ಉಪಾಯ ಮಾತ್ರ ನನಗೆ ಹೊಳೆದಿರಲಿಲ್ಲ. ಅವತ್ತು ಹಾಡಿದ ಮಕ್ಕಳಿಗೆ ಚಪ್ಪಾಳೆ ಸಿಕ್ಕಿತು. ಇವನ ಹೆಸರನ್ನು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ತಂದೆಗೆ ನೇರ ಉತ್ತರ ಕೊಡದೆ, ತಲೆಯೆತ್ತಿ ಮಾಡು ನೋಡಿ ಎಂದೆ. ನಮ್ಮ ಶಾಲೆಯದು ಮಂಗಳೂರು ಹೆಂಚು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರದ ಹುಲಿಕಲ್ಲೂ ಕಡಿಮೆಯೇನಲ್ಲ. ಸಾಗರ ಸೀಮೆಯಲ್ಲಿ ಹಿಂದೆ ಸೋಗೆ ಮನೆಗಳೇ ಹೆಚ್ಚು. ಮಳೆಗಾಲಕ್ಕೆ ಮುಂಚೆ ಹೊಸ ಸೋಗೆ ಹೊದಿಸಬೇಕು, ಬೇಸಿಗೆಯಲ್ಲಿ ಬೆಂಕಿಯ ಭಯ. ಅಂಚಿನ ಕಾಲುವೆ ಒಂದಕ್ಕೊಂದು ಕಚ್ಚಿಕೊಂಡು ಕೂರುವ ಹೆಂಚು ಬಂದಮೇಲೆ ಆ ಚಿಂತೆ ಕಳೆಯಿತು.

ಅದನ್ನು ಇಲ್ಲಿ ಮಾಡಿಸಿದವರು ಯಾರು? ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್. ಯಂತ್ರದ ಕೆಲಸ ಬಲ್ಲವರು. ಮಂಗಳೂರಿಗೆ ಬಂದು ಮೊದಲು ಮುದ್ರಣಾಲಯ ನೋಡಿಕೊಂಡರು. ನೇತ್ರಾವತಿ ದಂಡೆಯ ಜೇಡಿಮಣ್ಣು ಅವರ ಕಣ್ಣಿಗೆ ಬಿತ್ತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಎದ್ದಿತು. ಕ್ರೈಸ್ತರಾದವರನ್ನು ಆಗ ಜಾತಿಯವರು ಹೊರಗಿಡುತ್ತಿದ್ದರು, ಹೊಟ್ಟೆಪಾಡೇ ತಪ್ಪುತ್ತಿತ್ತು. ಬರೀ ಉಪದೇಶದಿಂದ ಅವರ ಒಲೆ ಉರಿಯುವುದೆಂತು? ನೇಕಾರ ಹಾಲರ್ ಮಗ್ಗ ಹಾಕಿಸಿದರು, ಪ್ಲೆಬ್ಸ್ಟ್ ಗೂಡು ಹೊತ್ತಿಸಿದರು.

ಅದೇ ಮಿಷನ್ನಿನವರು ಹರ್ಮನ್ ಮೊಗ್ಲಿಂಗ್. 1843ರಲ್ಲಿ 'ಮಂಗಳೂರು ಸಮಾಚಾರ' ತಂದು ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಶಬ್ದಗಳ ಬೆನ್ನು ಹತ್ತಿದರು. ಬಂದದ್ದು ಮತಬೋಧನೆಗೆ, ಕೂತದ್ದು ಓಲೆಗರಿಗಳ ಮುಂದೆ. ಅವರ ಈ ಗೀಳು ಮಿಷನ್ನಿನೊಳಗೇ ಎಲ್ಲರಿಗೂ ಹಿಡಿಸಿರಲಿಲ್ಲ. 1894ರಲ್ಲಿ ಹೊರಬಂದ ನಿಘಂಟಿನಲ್ಲಿ ಸುಮಾರು 70,000 ಪದಗಳು. ಪ್ಲೆಬ್ಸ್ಟ್ ಕೈಗೆ ನಿಘಂಟು, ಕಿಟೆಲ್ ಕೈಗೆ ಜೇಡಿಮಣ್ಣು ಕೊಟ್ಟಿದ್ದರೆ ನಮಗೆ ಎರಡೂ ಇಲ್ಲ.

"ಅವರು ಪ್ರೊಟೆಸ್ಟೆಂಟರು, ನಾವು ಕಥೋಲಿಕರು" ಎಂದು ನಕ್ಕರು ತಂದೆ. ಮಳೆಗೆ ಆ ಭೇದ ಗೊತ್ತಿಲ್ಲ ಎಂದೆ. ಸಂತ ಪೌಲರೂ ಡೇರೆ ಹೊಲಿದು ಅನ್ನ ಸಂಪಾದಿಸಿದವರೇ ಅಲ್ಲವೇ ಎಂದೆ. ಅದಕ್ಕೆ ಸುಮ್ಮನಾದರು. ನಿಮ್ಮ ಕತೆಯಲ್ಲೇ ಇನ್ನೊಂದು ಸಂಗತಿಯಿದೆ ಎಂದೆ: ಐದು ಗಳಿಸಿದವನಿಗೂ ಎರಡು ಗಳಿಸಿದವನಿಗೂ ಯಜಮಾನ ಹೇಳುವ ಮೆಚ್ಚುಗೆ ಒಂದೇ. ಯಾರಿಗೆ ಎಷ್ಟೆಂಬುದನ್ನು ಅವರವರ ಸಾಮರ್ಥ್ಯ ನೋಡಿ ಕೊಟ್ಟಿದ್ದೂ ಅವನೇ.

ಪೋಷಕರೇ, ಅವರ ಭಯ ಸುಳ್ಳಲ್ಲ. ಜೀವನವಿಡೀ ಬೇರೆಯವರ ತೋಟದಲ್ಲಿ ಕೊನೆ ಹೊತ್ತವರಿಗೆ ಮಗ ಬಿಳಿ ಅಂಗಿಯ ನೌಕರಿ ಹಿಡಿಯಲಿ ಎಂಬ ಆಸೆ ಸಹಜ. ಐಟಿಐ ಮುಗಿಸಿದವರು ಡಿಪ್ಲೊಮಾಕ್ಕೂ ಹೋಗಬಹುದು ಎಂದು ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ. "ಫಾದರ್ ಹತ್ತಿರವೂ ಒಮ್ಮೆ ಕೇಳಿ ನೋಡ್ತೇನೆ" ಎಂದು ಎದ್ದರು.

ಹೊರಡುವಾಗ ಹುಡುಗ ನಮ್ಮ ಸ್ಟಾಫ್ ರೂಮಿನ ಫ್ಯಾನನ್ನೇ ನೋಡುತ್ತಿದ್ದ. "ಕೆಪಾಸಿಟರ್ ಹೋಗಿರಬೇಕು ಸಾರ್" ಎಂದ. ಎರಡು ತಿಂಗಳಿಂದ ಅದು ನಿಧಾನವಾಗಿ ತಿರುಗುತ್ತಿದೆ.